ನಿಮ್ಮೂರಿನ ನಡುಹಗಲು ಎಷ್ಟು ಗಂಟೆಗೆ? ಒಂದು ಕೋಲು, ಅದರ ನೆರಳು ಮತ್ತು ನಾಲ್ಕು ನಿಮಿಷದ ಲೆಕ್ಕ

ಮೂರು ಪ್ರಶ್ನೆಗಳು ನನಗೆ ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ಮಕ್ಕಳಿಗೆ ಪಾಠ ಹೇಳಿಕೊಡುವ ಅಪ್ಪ ಅಮ್ಮಂದಿರದು: "ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿ ಮೇಲೆ ಅಂತ ಹೇಳ್ತಾರೆ, ನಮ್ಮ ಮಂಗಳೂರಲ್ಲಿ ಹಾಗೆ ಕಾಣೋದೇ ಇಲ್ಲ, ಯಾಕೆ?" ಎರಡನೆಯದು ಮಕ್ಕಳು ಹೊರದೇಶದಲ್ಲಿ ಇರುವವರದು: "ಅಲ್ಲಿ ಈಗ ಎಷ್ಟು ಗಂಟೆ, ಯಾವ ವಾರ ಅಂತ ತಿಳಿಯೋದು ಹೇಗೆ?" ಮೂರನೆಯದು ಆ ಮಕ್ಕಳದೇ: "ಊರಲ್ಲಿ ಏಕಾದಶಿ ಬುಧವಾರ ಅಂತಾರೆ, ಇಲ್ಲಿ ಮಂಗಳವಾರ ಅಂತಾರೆ. ಯಾವುದು ಸರಿ?"

ಮೂರಕ್ಕೂ ಬೇರು ಒಂದೇ. ಭೂಮಿ ತನ್ನ ಸುತ್ತ ತಾನು ತಿರುಗುತ್ತದೆ. ಆ ತಿರುಗಾಟದಿಂದ ಪ್ರತಿ ಊರಿಗೂ ಅದರದೇ ಹೊತ್ತು ಸಿಗುತ್ತದೆ. ಗಡಿಯಾರದ ಗಂಟೆ ಮಾತ್ರ ಜನ ಕೂತು ಮಾಡಿಕೊಂಡ ಒಪ್ಪಂದ. ಈ ಎರಡನ್ನೂ ಬೇರೆಬೇರೆಯಾಗಿ ನೋಡಲು ಕಲಿತರೆ ಉಳಿದದ್ದು ಬರೀ ಕೂಡುವ, ಕಳೆಯುವ ಲೆಕ್ಕ. ಬಾಯಿಪಾಠ ಮಾಡುವ ಬದಲು ಒಮ್ಮೆ ಅಂಗಳದಲ್ಲಿ ಮಾಡಿ ನೋಡಿ. ಒಂದು ಭಾನುವಾರ ಸಾಕು.

ಬೇಕಾಗುವ ವಸ್ತುಗಳು

ಒಂದು ಮೋಸಂಬಿ, ಅದನ್ನು ಚುಚ್ಚಲು ಉದ್ದ ಕಡ್ಡಿ, ಒಂದು ಗುಂಡುಸೂಜಿ, ಟಾರ್ಚ್. ನೆಟ್ಟಗಿರುವ ಸುಮಾರು ಒಂದು ಮೀಟರ್ ಉದ್ದದ ಕೋಲು, ದಾರ, ಸೀಮೆಸುಣ್ಣ. ಸರಿಯಾದ ಸಮಯ ತೋರಿಸುವ ಗಡಿಯಾರ ಅಥವಾ ಮೊಬೈಲ್. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಬಿಸಿಲು ಬೀಳುವ ತಾರಸಿ ಅಥವಾ ಅಂಗಳ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಎಲ್ಲಿಯೂ ಸೂರ್ಯನನ್ನು ನೇರವಾಗಿ ನೋಡುವ ಅಗತ್ಯ ಇಲ್ಲ. ಮಕ್ಕಳು ಜೊತೆಯಲ್ಲಿದ್ದರೆ "ನೆರಳು ಮಾತ್ರ ನೋಡಬೇಕು, ಮೇಲೆ ನೋಡಬಾರದು" ಎಂದು ಶುರುವಿನಲ್ಲೇ ಹೇಳಿ. ತಂಪು ಕನ್ನಡಕ ಹಾಕಿದ್ದರೂ ನೋಡಬಾರದು.

ಹಂತ 1: ಮೋಸಂಬಿ ತಿರುಗಿಸಿ

ಕಡ್ಡಿಯನ್ನು ಮೋಸಂಬಿಯ ತೊಟ್ಟಿನಿಂದ ಬುಡದವರೆಗೆ ಚುಚ್ಚಿ. ಈ ಕಡ್ಡಿಯೇ ಅಕ್ಷ, ಅಂದರೆ ಭೂಮಿ ಯಾವುದರ ಸುತ್ತ ತಿರುಗುತ್ತದೋ ಆ ಕಾಣದ ಗೆರೆ. ಮೇಲಿನ ತುದಿ ಉತ್ತರ. ಗುಂಡುಸೂಜಿಯನ್ನು ನಡುವಿಗಿಂತ ಸ್ವಲ್ಪ ಮೇಲೆ ಚುಚ್ಚಿ, ಅದು ನಮ್ಮೂರು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ನಿಮ್ಮ ಮುಖದ ಹತ್ತಿರ ಇಟ್ಟುಕೊಂಡು ಮೋಸಂಬಿಯ ಮೇಲೆ ಬೆಳಕು ಬಿಡಿ.

ಈಗ ಕಡ್ಡಿಯನ್ನು ನಿಧಾನ ತಿರುಗಿಸಿ. ನಿಮಗೆ ಕಾಣುವ ಮುಖ ಎಡದಿಂದ ಬಲಕ್ಕೆ ಸಾಗಬೇಕು. ಇದೇ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದು. ಸೂಜಿ ಎಡ ಅಂಚಿನಲ್ಲಿ ಬೆಳಕಿಗೆ ಬಂದಾಗ ನಮ್ಮೂರಿಗೆ ಬೆಳಗು. ನಡುವಿಗೆ ಬಂದಾಗ ನಡುಹಗಲು. ಬಲ ಅಂಚು ದಾಟಿದಾಗ ರಾತ್ರಿ. ಟಾರ್ಚ್ ಅಲುಗಲೇ ಇಲ್ಲ, ಅಲ್ವಾ? ಸೂರ್ಯ ಹುಟ್ಟಿದ, ಮುಳುಗಿದ ಅನ್ನುವುದು ನಾವು ನಿಂತ ನೆಲದಿಂದ ಕಾಣುವ ನೋಟ. ಹರಿಯುವ ದೋಣಿಯಲ್ಲಿ ಕೂತವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ಕಾಣುತ್ತವೆ, ನಕ್ಷತ್ರಗಳು ಪಶ್ಚಿಮಕ್ಕೆ ಸಾಗುವಂತೆ ಕಾಣುವುದೂ ಹಾಗೆಯೇ ಎಂದು ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ಹೇಳಿದ್ದ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಇನ್ನೂ ಬಂದಿಲ್ಲ.

ಬೆಂಗಳೂರಿನ ನೆಲ ಗಂಟೆಗೆ 1,600 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಮನೆ, ಮರ, ಗಾಳಿ, ನಾವು ಎಲ್ಲರೂ ಒಟ್ಟಿಗೆ, ಒಂದೇ ಸಮನೆ ಸಾಗುತ್ತಿರುವುದರಿಂದ ಗೊತ್ತಾಗುವುದಿಲ್ಲ.

ಇಲ್ಲಿ ಜನ ಎಡವುವ ಜಾಗ ಒಂದಿದೆ. ಹಗಲು ರಾತ್ರಿ ಆಗುವುದು ದೈನಂದಿನ ಚಲನೆಯಿಂದ, ಅಂದರೆ ಭೂಮಿ ತನ್ನ ಸುತ್ತ ತಿರುಗುವುದರಿಂದ. ಸೂರ್ಯನ ಸುತ್ತ ಒಂದು ವರ್ಷಕ್ಕೆ ಬರುವ ಸುತ್ತು ವಾರ್ಷಿಕ ಚಲನೆ. ಇವೆರಡನ್ನು ಕಲಸಿಬಿಟ್ಟರೆ ಮುಂದಿನ ಯಾವ ಹಂತವೂ ಅರ್ಥ ಆಗುವುದಿಲ್ಲ. ಮಗು ಪರೀಕ್ಷೆಯಲ್ಲಿ ಇದನ್ನೇ ತಪ್ಪು ಬರೆದು ಬಂದರೆ ಬೈಯಬೇಡಿ, ಇನ್ನೊಂದು ಮೋಸಂಬಿ ತನ್ನಿ.

ಹಂತ 2: ನಾಲ್ಕು ನಿಮಿಷದ ಸೂತ್ರ

ಒಂದು ಪೂರ್ತಿ ಸುತ್ತು 360 ಡಿಗ್ರಿ. ಅದಕ್ಕೆ 24 ಗಂಟೆ ಎಂದಿಟ್ಟುಕೊಳ್ಳಿ (ಇದನ್ನು ಹಂತ 5ರಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ನೋಡೋಣ). ಹಾಗಾದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಈ ಲೇಖನದಲ್ಲಿ ನೆನಪಿಡಬೇಕಾದ ಒಂದೇ ಸಂಖ್ಯೆ ಈ ನಾಲ್ಕು.

ನಮ್ಮ ಹಿರಿಯರ ಗಳಿಗೆ ಲೆಕ್ಕ ಇದಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ದಿನಕ್ಕೆ 60 ಗಳಿಗೆ. ಒಂದು ಗಳಿಗೆ ಅಂದರೆ 24 ನಿಮಿಷ, ಭೂಮಿ ಸರಿಯಾಗಿ 6 ಡಿಗ್ರಿ ತಿರುಗುವಷ್ಟು ಹೊತ್ತು.

ಭೂಪಟದಲ್ಲಿ ಉತ್ತರ ಧ್ರುವದಿಂದ ದಕ್ಷಿಣ ಧ್ರುವಕ್ಕೆ ಎಳೆದ ಗೆರೆಗಳು ರೇಖಾಂಶ. ನಿಮ್ಮೂರು ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಇದೆ ಎಂದು ಹೇಳುವುದು ಇವೇ. ಎಣಿಕೆ ಶುರುವಾಗುವುದು ಲಂಡನ್ ಬಳಿಯ ಗ್ರೀನಿಚ್‌ನಿಂದ. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಹಲವು ದೇಶಗಳು ಸೇರಿ ಅದನ್ನು ಸೊನ್ನೆ ಎಂದು ಆರಿಸಿಕೊಂಡವು. ಮೊಬೈಲ್ ನಕ್ಷೆಯಲ್ಲಿ ನಿಮ್ಮ ಮನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ನಮಗೆ ಬೇಕಾದದ್ದು ಎರಡನೆಯದು. ಕರ್ನಾಟಕದಲ್ಲಿ ಅದು ಹೆಚ್ಚುಕಡಿಮೆ 74ರಿಂದ 78.5ರ ಒಳಗೆ ಇರುತ್ತದೆ. ನಿಮಗೆ 13 ಅಥವಾ 15 ಅಂತ ಬಂದಿದ್ದರೆ ಅಕ್ಷಾಂಶವನ್ನು ತೆಗೆದುಕೊಂಡಿದ್ದೀರಿ.

ಹಂತ 3: ಕಾಗದದ ಮೇಲೆ ನಡುಹಗಲು

ಭಾರತದ ಗಡಿಯಾರ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ಗೆರೆ ಇದು. 82.5ನ್ನು 15ರಿಂದ ಭಾಗಿಸಿ: ಐದೂವರೆ. ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ ಇರುವುದು ಇದಕ್ಕೇ. 1906ರ ಜನವರಿ 1ರಂದು ಈ ಸಮಯ ಜಾರಿಗೆ ಬಂತು. ಅದಕ್ಕೆ ಮೊದಲು ಮದ್ರಾಸಿಗೆ ಒಂದು ಸಮಯ, ಬೊಂಬಾಯಿಗೆ ಒಂದು, ಕಲ್ಕತ್ತಕ್ಕೆ ಒಂದು. ರೈಲುಗಳು ಮದ್ರಾಸ್ ಸಮಯ ನೋಡಿ ಓಡುತ್ತಿದ್ದವು. ಬೊಂಬಾಯಿ ತನ್ನ ಹಳೆಯ ಸಮಯವನ್ನು 1955ರವರೆಗೂ ಬಿಟ್ಟುಕೊಡಲಿಲ್ಲ.

ಈಗ ಲೆಕ್ಕ. 82.5ರಲ್ಲಿ ನಿಮ್ಮ ರೇಖಾಂಶ ಕಳೆಯಿರಿ. ಉಳಿದದ್ದನ್ನು 4ರಿಂದ ಗುಣಿಸಿ. ಬಂದಷ್ಟು ನಿಮಿಷವನ್ನು 12 ಗಂಟೆಗೆ ಸೇರಿಸಿ. ಬೆಂಗಳೂರು 77.6: ವ್ಯತ್ಯಾಸ 4.9, ಗುಣಿಸಿದರೆ ಸುಮಾರು 20 ನಿಮಿಷ. ಅಂದರೆ ಬೆಂಗಳೂರಿನ ಸರಾಸರಿ ನಡುಹಗಲು 12:20ಕ್ಕೆ. ಮೈಸೂರು, ಕಲಬುರಗಿ 12:23. ವಿಜಯಪುರ 12:27. ಮಂಗಳೂರು 12:31. ಬೆಳಗಾವಿ 12:32. ಕಾರವಾರ ಅದಕ್ಕೂ ಒಂದೂವರೆ ನಿಮಿಷ ತಡ.

ಧಾರವಾಡದವರಿಗೆ ಈ ಲೆಕ್ಕ ಬಹಳ ಸುಲಭ. 75 ಡಿಗ್ರಿ ರೇಖಾಂಶ ಅವರ ಊರ ಮೇಲೇ ಹಾದುಹೋಗುತ್ತದೆ. ಅಲ್ಲಿನ ಸೂರ್ಯ ನಮ್ಮ ಗಡಿಯಾರಕ್ಕಿಂತ ಸರಿಯಾಗಿ ಅರ್ಧ ಗಂಟೆ ಹಿಂದೆ.

ಇನ್ನೊಂದು ತಪ್ಪು ಕಲ್ಪನೆ: ದೂರದ ಊರಾದರೆ ಹೊತ್ತು ಬೇರೆ ಇರಲೇಬೇಕು ಅನ್ನುವುದು. ಬೀದರ್ ಬೆಂಗಳೂರಿನಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಆದರೂ ಎರಡರ ನಡುಹಗಲು ಒಂದೇ ನಿಮಿಷಕ್ಕೆ, ಯಾಕೆಂದರೆ ಎರಡೂ ಒಂದೇ ರೇಖಾಂಶದಲ್ಲಿವೆ. ಲೆಕ್ಕಕ್ಕೆ ಬರುವುದು ಪೂರ್ವ ಪಶ್ಚಿಮದ ದೂರ ಮಾತ್ರ. ದೇಶದ ಪೂರ್ವ ತುದಿಗೂ ಪಶ್ಚಿಮ ತುದಿಗೂ ಸುಮಾರು 29 ಡಿಗ್ರಿ ಅಂತರ, ಅಂದರೆ ಹತ್ತಿರ ಹತ್ತಿರ ಎರಡು ಗಂಟೆ. ಅಸ್ಸಾಮಿನ ಚಹಾ ತೋಟಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಕೆಲಸ ಮಾಡುವ 'ಬಾಗಾನ್ ಟೈಮ್' ಹುಟ್ಟಿಕೊಂಡಿದ್ದು ಈ ಅಂತರದಿಂದಲೇ.

ಹಂತ 4: ಕೋಲು ನೆಟ್ಟು ನೋಡಿ

ಕಾಗದದ ಲೆಕ್ಕ ನಂಬಬೇಡಿ, ನೆರಳಿನಲ್ಲಿ ನೋಡಿ. ಹಳೆಯ ಜ್ಯೋತಿಷಿಗಳು ಈ ಕೋಲನ್ನು ಶಂಕು ಎನ್ನುತ್ತಿದ್ದರು.

ಸಮತಟ್ಟಾದ ಜಾಗ ಹುಡುಕಿ. ಅನುಮಾನ ಇದ್ದರೆ ಒಂದು ಲೋಟ ನೀರು ಚೆಲ್ಲಿ, ಒಂದೇ ಕಡೆಗೆ ಹರಿದರೆ ಆ ಜಾಗ ಬೇಡ. ತಾರಸಿಗೆ ಸಾಮಾನ್ಯವಾಗಿ ಮಳೆ ನೀರು ಹೋಗಲು ಇಳಿಜಾರು ಕೊಟ್ಟಿರುತ್ತಾರೆ, ಅದನ್ನು ಮರೆಯಬೇಡಿ. ಕೋಲನ್ನು ಬಕೆಟ್ಟಿನ ಮರಳಿನಲ್ಲಿ ನೆಡಿ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು, ಕೋಲು ದಾರದಷ್ಟೇ ನೆಟ್ಟಗಿದೆಯೇ ಎಂದು ಎರಡು ಕಡೆಯಿಂದ ನೋಡಿ. ಹೆಚ್ಚಿನವರ ಪ್ರಯೋಗ ಕೆಡುವುದು ವಾಲಿದ ಕೋಲಿನಿಂದ.

"ನೆರಳು ಅತಿ ಗಿಡ್ಡ ಆದ ಕ್ಷಣ ನೋಡಿದರೆ ಆಯ್ತಲ್ಲ" ಅನಿಸಬಹುದು. ಆಗುವುದಿಲ್ಲ. ನಡುಹಗಲ ಆಚೀಚೆ ಹತ್ತು ನಿಮಿಷ ನೆರಳಿನ ಉದ್ದ ಬದಲಾಗುವುದೇ ಕಾಣಿಸುವುದಿಲ್ಲ. ಅದಕ್ಕೆ ಹೀಗೆ ಮಾಡಿ:

ಬೆಳಿಗ್ಗೆ ಹತ್ತೂವರೆ ಸುಮಾರಿಗೆ ನೆರಳಿನ ತುದಿಗೆ ಸೀಮೆಸುಣ್ಣದ ಚುಕ್ಕೆ ಇಡಿ. ಸಮಯ ಬರೆದುಕೊಳ್ಳಿ. ಕೋಲು ಇರುವ ಜಾಗವನ್ನು ಕೇಂದ್ರ ಮಾಡಿ, ದಾರ ಹಿಡಿದು, ಆ ಚುಕ್ಕೆಯ ಮೇಲೆ ಹಾಯುವಂತೆ ವೃತ್ತ ಎಳೆಯಿರಿ. ನೆರಳು ಗಿಡ್ಡ ಆಗುತ್ತಾ ವೃತ್ತದ ಒಳಗೆ ಹೋಗುತ್ತದೆ. ಮಧ್ಯಾಹ್ನದ ಮೇಲೆ ಮತ್ತೆ ಬೆಳೆದು ವೃತ್ತವನ್ನು ಮುಟ್ಟುತ್ತದೆ. ಆ ಕ್ಷಣ ಎರಡನೇ ಚುಕ್ಕೆ, ಎರಡನೇ ಸಮಯ. ಎರಡು ಸಮಯಗಳ ನಟ್ಟನಡುವೆಯೇ ನಿಮ್ಮೂರಿನ ನಿಜವಾದ ನಡುಹಗಲು.

ಉದಾಹರಣೆಗೆ, ಸಂಕ್ರಾಂತಿಯ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಮೊದಲ ಚುಕ್ಕೆ 10:40ಕ್ಕೆ ಇಟ್ಟರೆ ಎರಡನೆಯದು 2:18ರ ಆಸುಪಾಸು ಬರುತ್ತದೆ. ನಡುವೆ 3 ಗಂಟೆ 38 ನಿಮಿಷ. ಅದರ ಅರ್ಧವನ್ನು 10:40ಕ್ಕೆ ಸೇರಿಸಿದರೆ 12:29.

ಎರಡು ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದರೆ ಅದೇ ಪೂರ್ವ ಪಶ್ಚಿಮ. ಬೆಳಗಿನ ಚುಕ್ಕೆ ಪಶ್ಚಿಮದ ಕಡೆಯದು. ದಿಕ್ಸೂಚಿ ಬೇಕಾಗಿಲ್ಲ.

ಮೋಡ ಕವಿದರೆ? ಪತ್ರಿಕೆಯಲ್ಲೋ ಪಂಚಾಂಗದಲ್ಲೋ ನಿಮ್ಮೂರಿನ ಸೂರ್ಯೋದಯ, ಸೂರ್ಯಾಸ್ತದ ಸಮಯ ನೋಡಿ ಅವುಗಳ ಮಧ್ಯ ತೆಗೆಯಿರಿ. ಒಂದೆರಡು ನಿಮಿಷದ ಒಳಗೆ ಅದೇ ಉತ್ತರ ಬರುತ್ತದೆ.

ಈ ಹಂತದಲ್ಲಿ ಹೆಚ್ಚು ಗೊಂದಲ ಮಾಡುವ ಮಾತು "ನಡುಹಗಲ ನೆರಳು ಯಾವಾಗಲೂ ಉತ್ತರಕ್ಕೆ" ಅನ್ನುವುದು. ದೆಹಲಿಗೆ ಸರಿ, ನಮಗೆ ಪೂರ್ತಿ ಸರಿಯಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಸೂರ್ಯ ನಡುಹಗಲಲ್ಲಿ ನಿಜವಾಗಿಯೂ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಅದೇ ಶೂನ್ಯ ನೆರಳಿನ ದಿನ. ಈ ಎರಡು ದಿನಗಳ ನಡುವೆ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮೇ ತಿಂಗಳಲ್ಲಿ ಪ್ರಯೋಗ ಮಾಡಿ "ಏನೋ ತಪ್ಪಾಯ್ತು" ಎಂದು ಬಿಟ್ಟುಬಿಡಬೇಡಿ. ನೀವು ನೋಡಿದ್ದು ಸರಿಯಾಗಿಯೇ ಇದೆ.

ಹಂತ 5: ಒಂಬತ್ತು ನಿಮಿಷ ಎಲ್ಲಿಂದ ಬಂತು?

ಲೆಕ್ಕದಲ್ಲಿ 12:20, ನೆರಳಿನಲ್ಲಿ 12:29. ಗಮನವಿಟ್ಟು ಮಾಡಿದ ಎಲ್ಲರಿಗೂ ಈ ಪ್ರಶ್ನೆ ಬರುತ್ತದೆ. ಬರಲೇಬೇಕು.

ಭೂಮಿಯ ತಿರುಗಾಟ ಹೆಚ್ಚುಕಡಿಮೆ ಒಂದೇ ವೇಗದ್ದು. ಆದರೆ ಅದು ತಿರುಗುತ್ತಲೇ ಸೂರ್ಯನ ಸುತ್ತಲೂ ಸಾಗುತ್ತಿದೆ. ತಾನೇ ತಾನಾಗಿ 360 ಡಿಗ್ರಿ ಸುತ್ತಲು ಅದಕ್ಕೆ 23 ಗಂಟೆ 56 ನಿಮಿಷ 4 ಸೆಕೆಂಡು ಸಾಕು. ಅಷ್ಟರಲ್ಲಿ ಮುಂದಕ್ಕೆ ಸಾಗಿರುವುದರಿಂದ ಸೂರ್ಯನ ಎದುರು ಬರಲು ಇನ್ನೂ ಒಂದು ಡಿಗ್ರಿಯಷ್ಟು ತಿರುಗಬೇಕು. ಅದಕ್ಕೆ ಉಳಿದ ನಾಲ್ಕು ನಿಮಿಷ. (ಇದನ್ನೂ ಪರೀಕ್ಷಿಸಬಹುದು. ಒಂದು ನಕ್ಷತ್ರ ಪಕ್ಕದ ಮನೆಯ ಗೋಡೆಯ ಹಿಂದೆ ಮರೆಯಾಗುವ ಸಮಯ ಬರೆದಿಡಿ. ಮರುದಿನ ಅದು ನಾಲ್ಕು ನಿಮಿಷ ಮೊದಲೇ ಮರೆಯಾಗುತ್ತದೆ.)

ಈ ಹೆಚ್ಚುವರಿ ನಾಲ್ಕು ನಿಮಿಷ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅಕ್ಷವೂ ಇಪ್ಪತ್ತಮೂರೂವರೆ ಡಿಗ್ರಿ ವಾಲಿದೆ. ಹಾಗಾಗಿ ಕೆಲವು ತಿಂಗಳು ಸೂರ್ಯ ಗಡಿಯಾರಕ್ಕಿಂತ ತಡ, ಕೆಲವು ತಿಂಗಳು ಬೇಗ. ಫೆಬ್ರವರಿ 11ರ ಸುಮಾರಿಗೆ 14 ನಿಮಿಷ ತಡ. ಏಪ್ರಿಲ್ 15ಕ್ಕೆ ಸರಿಸಮ. ಮೇ ನಡುವೆ ನಾಲ್ಕು ನಿಮಿಷದಷ್ಟು ಬೇಗ. ಜೂನ್ 13ಕ್ಕೆ ಮತ್ತೆ ಸರಿಸಮ. ಜುಲೈ ಕೊನೆಗೆ ಆರೂವರೆ ನಿಮಿಷ ತಡ. ಸೆಪ್ಟೆಂಬರ್ 1ಕ್ಕೆ ಸರಿಸಮ. ನವೆಂಬರ್ 3ಕ್ಕೆ 16 ನಿಮಿಷ ಬೇಗ. ಡಿಸೆಂಬರ್ 25ಕ್ಕೆ ಸರಿಸಮ. ಜನವರಿ ಮಧ್ಯಕ್ಕೆ 9 ನಿಮಿಷ ತಡ: ನಮ್ಮ ಒಂಬತ್ತು ಸಿಕ್ಕಿತು.

ತಡ ಇದ್ದರೆ ಸೇರಿಸಿ, ಬೇಗ ಇದ್ದರೆ ಕಳೆಯಿರಿ. ಬೆಂಗಳೂರಿನ ನಡುಹಗಲು ಫೆಬ್ರವರಿಯಲ್ಲಿ 12:34ರವರೆಗೆ ಹೋಗುತ್ತದೆ, ನವೆಂಬರಿನಲ್ಲಿ 12:03ಕ್ಕೇ ಬಂದುಬಿಡುತ್ತದೆ. ಡಿಸೆಂಬರ್ 21 ಕಳೆದ ಮೇಲೆ ಹಗಲು ದೊಡ್ಡದಾಗುತ್ತದೆ, ಆದರೂ ಬೆಂಗಳೂರಿನಲ್ಲಿ ಜನವರಿ ಕೊನೆಯವರೆಗೆ ಸೂರ್ಯ ಹುಟ್ಟುವುದು ಇನ್ನೂ ತಡ ಆಗುತ್ತಲೇ ಇರುತ್ತದೆ. ಬೆಳಿಗ್ಗೆ ಬೇಗ ಏಳುವವರು ಇದನ್ನು ಗಮನಿಸಿರುತ್ತೀರಿ. ಕಾರಣ ಇದೇ.

ಹಂತ 6: ಬೇರೆ ದೇಶದ ಗಂಟೆ

ಇಲ್ಲಿಗೆ ಸೂರ್ಯನ ಲೆಕ್ಕ ಬದಿಗಿಡಿ. ಹೊರದೇಶದ ಗಡಿಯಾರವನ್ನು ರೇಖಾಂಶದಿಂದ ಲೆಕ್ಕ ಹಾಕಲೇಬೇಡಿ. ಸಮಯ ವಲಯದ ಗೆರೆ ಎಳೆಯುವುದು ಸರ್ಕಾರಗಳು. ಸಿಂಗಪುರದ ಸೂರ್ಯನಿಗೆ ಗ್ರೀನಿಚ್‌ಗಿಂತ ಏಳು ಗಂಟೆ ಮುಂದೆ ಇದ್ದರೆ ಸಾಕಿತ್ತು, ಗಡಿಯಾರ ಎಂಟು ಗಂಟೆ ಮುಂದಿದೆ. ಅಷ್ಟು ಅಗಲದ ಚೀನಾಕ್ಕೆಲ್ಲ ಒಂದೇ ಸಮಯ. ನೇಪಾಳ ನಮಗಿಂತ ಬರೀ ಕಾಲು ಗಂಟೆ ಮುಂದೆ.

ಸರಿಯಾದ ದಾರಿ ಯುಟಿಸಿ ಮೂಲಕ ಹೋಗುವುದು. ಯುಟಿಸಿ ಅಂದರೆ ಎಲ್ಲ ದೇಶಗಳೂ ತಮ್ಮ ಗಡಿಯಾರ ಹೊಂದಿಸಿಕೊಳ್ಳುವ ಮೂಲ ಸಮಯ, ಸೊನ್ನೆ ರೇಖಾಂಶದ್ದು. ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆಯಿರಿ, ಆಮೇಲೆ ಆ ದೇಶದ ಅಂತರ ಸೇರಿಸಿ ಅಥವಾ ಕಳೆಯಿರಿ. ದುಬೈ ಕೂಡು 4, ಕುವೈತ್ ಮತ್ತು ಸೌದಿ ಕೂಡು 3. ನ್ಯೂಯಾರ್ಕ್, ನ್ಯೂಜೆರ್ಸಿ ಚಳಿಗಾಲದಲ್ಲಿ ಕಳೆ 5, ಕ್ಯಾಲಿಫೋರ್ನಿಯಾ ಕಳೆ 8. ಲಂಡನ್ ಚಳಿಗಾಲದಲ್ಲಿ ಸೊನ್ನೆ.

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ 6ಕ್ಕೆ ಹುಬ್ಬಳ್ಳಿಯ ಅಜ್ಜಿ ನ್ಯೂಜೆರ್ಸಿಯ ಮೊಮ್ಮಗಳಿಗೆ ಫೋನ್ ಮಾಡುತ್ತಾರೆ ಅನ್ನಿ. ಯುಟಿಸಿ ಸೋಮವಾರ 00:30. ಅದರಲ್ಲಿ 5 ಗಂಟೆ ಕಳೆದರೆ ಭಾನುವಾರ ಸಂಜೆ 7:30. ವಾರವೇ ಬದಲಾಯಿತು. ಗಂಟೆ ಲೆಕ್ಕ ಹಾಕಿ ವಾರ ಮರೆಯುವುದು ಇಲ್ಲಿನ ದೊಡ್ಡ ಗುಂಡಿ. ಅರ್ಜಿ ಹಾಕುವ ವಿದ್ಯಾರ್ಥಿಗಳು ವಿಶೇಷವಾಗಿ ನೋಡಿಕೊಳ್ಳಿ. "ಜುಲೈ 31, ರಾತ್ರಿ 11:59, ನ್ಯೂಯಾರ್ಕ್ ಸಮಯ" ಅಂದರೆ ನಮಗೆ ಆಗಸ್ಟ್ 1ರ ಬೆಳಿಗ್ಗೆ 9:29. ಆದರೆ ಯಾವ ಊರಿನ ಸಮಯ ಎಂದು ಬರೆದಿರದಿದ್ದರೆ ನಮ್ಮ ಜುಲೈ 31ರ ಹಗಲಲ್ಲೇ ಕಳಿಸಿಬಿಡಿ.

ಮೇಲಿನ ಲೆಕ್ಕದಲ್ಲಿ ನ್ಯೂಯಾರ್ಕ್ ಒಂಬತ್ತೂವರೆ ಗಂಟೆ ಹಿಂದೆ ಬಂತು, ಚಳಿಗಾಲದಲ್ಲಿ ಹತ್ತೂವರೆ. ಕಾರಣ ಬೇಸಿಗೆ ಸಮಯ. ಹಗಲು ಉದ್ದ ಇರುವ ತಿಂಗಳುಗಳಲ್ಲಿ ಆ ದೇಶಗಳು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಅಮೆರಿಕದಲ್ಲಿ ಬಹುತೇಕ ಕಡೆ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ. ಬ್ರಿಟನ್ನಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಋತು ತಿರುಗುಮುರುಗು: ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಕೊಲ್ಲಿ ದೇಶಗಳಲ್ಲಿ ಈ ಗೋಜಿಲ್ಲ. ದುಬೈ ಯಾವಾಗಲೂ ನಮಗಿಂತ ಒಂದೂವರೆ ಗಂಟೆ ಹಿಂದೆ.

ಲಂಡನ್‌ನಲ್ಲಿ ಮಕ್ಕಳಿರುವವರಿಗೆ ಒಂದು ಸುಲಭ ಉಪಾಯ. ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗು ಹಿಡಿದು ಓದಿ. ನಮ್ಮ ಮೂರು ಗಂಟೆ ಒಂಬತ್ತೂವರೆಯಂತೆ ಕಾಣುತ್ತದೆ. ಅದೇ ಲಂಡನ್‌ನ ಚಳಿಗಾಲದ ಸಮಯ. ಬೇಸಿಗೆಯಲ್ಲಿ ಒಂದು ಗಂಟೆ ಸೇರಿಸಿಕೊಳ್ಳಿ.

ಹಂತ 7: ಪಂಚಾಂಗ ಮತ್ತು ಹೊರದೇಶ

ತಿಥಿ ಅನ್ನುವುದು ಚಂದ್ರ ಮತ್ತು ಸೂರ್ಯನ ನಡುವಿನ ಕೋನದ ಲೆಕ್ಕ, ಹನ್ನೆರಡು ಡಿಗ್ರಿಗೆ ಒಂದು ತಿಥಿ. ಅದು ಶುರುವಾಗುವ ಕ್ಷಣ ಇಡೀ ಭೂಮಿಗೆ ಒಂದೇ. ಸಾಮಾನ್ಯವಾಗಿ ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ. ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ಗೊಂದಲ ಹುಟ್ಟುವುದು ಇಲ್ಲಿ.

ಚಳಿಗಾಲದ ಒಂದು ತಿಥಿ ನಮ್ಮ ಮಂಗಳವಾರ ಬೆಳಿಗ್ಗೆ 10ಕ್ಕೆ ಶುರುವಾಗಿ ಬುಧವಾರ ಬೆಳಿಗ್ಗೆ 9ಕ್ಕೆ ಮುಗಿಯುತ್ತದೆ ಎಂದುಕೊಳ್ಳಿ. ಊರಿನಲ್ಲಿ ಬುಧವಾರ ಸೂರ್ಯ ಹುಟ್ಟುವಾಗ ಆ ತಿಥಿ ಇದೆ. ನ್ಯೂಜೆರ್ಸಿಯಲ್ಲಿ ಅದೇ ತಿಥಿ ಸೋಮವಾರ ರಾತ್ರಿ 11:30ರಿಂದ ಮಂಗಳವಾರ ರಾತ್ರಿ 10:30ರವರೆಗೆ. ಅಲ್ಲಿ ಮಂಗಳವಾರದ ಸೂರ್ಯೋದಯಕ್ಕೆ ಅದು ಇದೆ. ಹಾಗಾಗಿ ಊರಿಗೆ ಬುಧವಾರ, ಅಲ್ಲಿಗೆ ಮಂಗಳವಾರ. ಎರಡೂ ಸರಿ. ಅಮ್ಮನಿಗೂ ಮಗಳಿಗೂ ಇದರ ಮೇಲೆ ಜಗಳ ಬೇಡ.

ಎಲ್ಲ ಹಬ್ಬಕ್ಕೂ ಸೂರ್ಯೋದಯವೇ ಅಳತೆ ಅಲ್ಲ. ಗಣೇಶ ಚೌತಿಗೆ ಮಧ್ಯಾಹ್ನದ ತಿಥಿ ನೋಡುತ್ತಾರೆ, ಸಂಕಷ್ಟಿಗೆ ಚಂದ್ರೋದಯ, ಶಿವರಾತ್ರಿಗೆ ನಡುರಾತ್ರಿ. ಪಾಲಿಸುವ ನಿಯಮ ನಿಮ್ಮ ಮನೆತನದ್ದೇ ಇರಲಿ, ಪಂಚಾಂಗ ಮಾತ್ರ ನೀವಿರುವ ಊರಿಗೆ ಗುಣಿಸಿದ್ದು ಇರಲಿ.

ರಾಹುಕಾಲ ನೋಡುವವರಿಗೂ ಇದೇ ಮಾತು. ಸೋಮವಾರ ಏಳೂವರೆಯಿಂದ ಒಂಬತ್ತು ಎಂದು ನಾವು ಕಲಿತದ್ದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನಿಗೆ. ಅದು ಹಗಲಿನ ಎಂಟು ಭಾಗಗಳಲ್ಲಿ ಎರಡನೆಯದು. ಡಿಸೆಂಬರ್ ಕೊನೆಯಲ್ಲಿ ಲಂಡನ್‌ನಲ್ಲಿ ಸೂರ್ಯ ಹುಟ್ಟುವುದೇ ಎಂಟರ ಮೇಲೆ, ಮುಳುಗುವುದು ನಾಲ್ಕಕ್ಕೂ ಮೊದಲು. ಎಂಟನೇ ಒಂದು ಭಾಗ ಒಂದು ಗಂಟೆಯೂ ಇಲ್ಲ. ಅಲ್ಲಿ ಸೋಮವಾರದ ರಾಹುಕಾಲ ಸುಮಾರು 9ರಿಂದ 10.

ಕೋಲನ್ನು ತೆಗೆಯಬೇಡಿ

ಕೊನೆಯದಾಗಿ, ಜಾಗ ಇದ್ದರೆ ಆ ಕೋಲನ್ನು ವರ್ಷಪೂರ್ತಿ ಕದಲದಂತೆ ನಿಲ್ಲಿಸಿ. ಪ್ರತಿ ಭಾನುವಾರ ಸರಿಯಾಗಿ ಒಂದೇ ಗಂಟೆಗೆ, 12:20 ಅನ್ನಿ, ನೆರಳಿನ ತುದಿಗೆ ಒಂದು ಚುಕ್ಕೆ ಇಡಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಮಳೆಗಾಲದಲ್ಲಿ ಕೆಲವು ವಾರ ತಪ್ಪುತ್ತವೆ, ಪರವಾಗಿಲ್ಲ. ವರ್ಷ ತುಂಬಿದಾಗ ಚುಕ್ಕೆಗಳು ಸೇರಿ ಉದ್ದನೆಯ ಇಂಗ್ಲಿಷ್ ಎಂಟರ ಆಕಾರ ಮೂಡಿರುತ್ತದೆ. ಹಂತ 5ರ ತಡ, ಬೇಗ ಎಲ್ಲವೂ ಅದರ ಅಗಲದಲ್ಲಿದೆ. ಚುಕ್ಕೆಗೆ ಸೀಮೆಸುಣ್ಣ ಬೇಡ, ಬಣ್ಣ ಹಚ್ಚಿ. ಮೊದಲ ಮಳೆಗೇ ಸುಣ್ಣ ತೊಳೆದುಹೋಗುತ್ತದೆ.